ಇಂಗ್ಲಿಷ್ ಪಠ್ಯಪುಸ್ತಕದ ಹಿಂದಿನ ಭಾಷೆ: ಗಡಿನಾಡಿನ ಕನ್ನಡ ಶಾಲೆಗಳನ್ನು ಕುರಿತು

ಕಾಸರಗೋಡಿನ ಉತ್ತರ ಭಾಗದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ, ಐದನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದ ಒಂದು ವಾಕ್ಯದಿಂದ ಈ ಲೇಖನವನ್ನು ಆರಂಭಿಸುತ್ತೇನೆ. ತನ್ನ ಮನೆಯವರ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದ್ದ ಹುಡುಗಿಯೊಬ್ಬಳು ‘ಮೈ ಫಾದರ್ ಡ್ರೈವರ್’ ಎಂದಳು. ಶಿಕ್ಷಕಿ ‘ಇಸ್’ ಎಂದು ನೆನಪಿಸಿದರು. ಹುಡುಗಿ ಸ್ವಲ್ಪ ಯೋಚಿಸಿ ‘ಇಸ್ ಮೈ ಫಾದರ್ ಡ್ರೈವರ್’ ಎಂದಳು. ತರಗತಿ ನಕ್ಕಿತು; ಶಿಕ್ಷಕಿ ನಗಲಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ಮಗುಚಿಟ್ಟು ಹಲಗೆಯ ಮೇಲೆ ಎರಡು ಕನ್ನಡ ವಾಕ್ಯಗಳನ್ನು ಬರೆದರು: ‘ನನ್ನ ಅಪ್ಪ ಡ್ರೈವರ್’, ‘ನನ್ನ ಅಪ್ಪ ಮನೆಯಲ್ಲಿ ಇದ್ದಾರೆ’. ಎರಡನೆಯದರ ‘ಇದ್ದಾರೆ’ ಎಂಬುದಕ್ಕೆ ಅಡಿಗೆರೆ ಎಳೆದು, ಮೊದಲನೆಯ ವಾಕ್ಯದ ಕೊನೆಯಲ್ಲಿ ಒಂದು ಖಾಲಿ ಚೌಕ ಬರೆದರು. “ನಮಗೆ ಇಲ್ಲಿ ಏನೂ ಬೇಡ, ಅವರಿಗೆ ಎರಡೂ ಕಡೆ ಬೇಕು” ಎಂದಷ್ಟೇ ಹೇಳಿ, ಆ ಚೌಕವನ್ನು ತುಂಬಲು ಮಕ್ಕಳನ್ನು ಕರೆದರು. ಈ ಹೆಜ್ಜೆ ಪಠ್ಯಪುಸ್ತಕದ ಆ ಪಾಠದಲ್ಲಿ ಇರಲಿಲ್ಲ, ಶಿಕ್ಷಕರ ಕೈಪಿಡಿಯಲ್ಲೂ ಇರಲಿಲ್ಲ.

ಏಕೆ ಇರಲಿಲ್ಲ ಎಂಬುದು ಮೇಲ್ನೋಟಕ್ಕೆ ಸಣ್ಣ ಪ್ರಶ್ನೆ. ಆದರೆ ಅದನ್ನು ಎಳೆಯುತ್ತ ಹೋದರೆ ಗಡಿನಾಡಿನ ಇಂಗ್ಲಿಷ್ ಬೋಧನೆಯ ಮುಖ್ಯ ತೊಡಕೊಂದು ಎದುರಾಗುತ್ತದೆ. ಮಲಯಾಳದಲ್ಲಿ ‘ಅಚ್ಛನ್ ಡ್ರೈವರ್ ಆಣ್’ ಎನ್ನುತ್ತಾರೆ. ಇಂಗ್ಲಿಷಿನ ‘ಇಸ್’ ಮಾಡುವ ಕೆಲಸವನ್ನು ಅಲ್ಲಿ ‘ಆಣ್’ ಮಾಡುತ್ತದೆ. ಮಲಯಾಳ ಮಾತನಾಡುವ ಮಗುವಿಗೆ ಆ ಸ್ಥಾನದಲ್ಲಿ ಒಂದು ಪದ ಬೇಕೆಂಬುದು ಹೊಸ ಸಂಗತಿಯಲ್ಲ. ಪದವನ್ನು ಎಲ್ಲಿ ಇಡಬೇಕು ಎಂಬುದಷ್ಟೇ ಹೊಸದು. ಕನ್ನಡದ ಮಗುವಿಗಾದರೋ ಆ ಸ್ಥಾನವೇ ಇಲ್ಲ. ನಮ್ಮ ನಾಮವಾಕ್ಯ ಕ್ರಿಯಾಪದವಿಲ್ಲದೆ ಪೂರ್ಣವಾಗುತ್ತದೆ. ಕಾಸರಗೋಡಿನ ಅನೇಕ ಕನ್ನಡ ಶಾಲಾಮಕ್ಕಳ ಮನೆಮಾತಾದ ತುಳುವಿನಲ್ಲೂ ಹಾಗೆಯೇ. ಇದಕ್ಕೆ ತಿರುಗುಮುರುಗಾದ ಇನ್ನೊಂದು ಉದಾಹರಣೆಯೂ ಇದೆ. ಆಧುನಿಕ ಮಲಯಾಳದ ಕ್ರಿಯಾಪದ ಕರ್ತೃವಿನ ಲಿಂಗ, ವಚನ, ಪುರುಷಗಳಿಗೆ ತಕ್ಕಂತೆ ಬದಲಾಗುವುದಿಲ್ಲ, ಕನ್ನಡದ್ದು ಬದಲಾಗುತ್ತದೆ. ‘ಹೋಗುತ್ತೇನೆ, ಹೋಗುತ್ತಾನೆ, ಹೋಗುತ್ತಾಳೆ’ ಎಂದು ನಿತ್ಯ ಹೇಳುವ ಮಗುವಿಗೆ, ಪ್ರಥಮ ಪುರುಷ ಏಕವಚನದಲ್ಲಿ ಇಂಗ್ಲಿಷ್ ಕ್ರಿಯಾಪದಕ್ಕೆ ‘ಸ್’ ಸೇರುತ್ತದೆ ಎನ್ನುವುದನ್ನು ತನ್ನ ಭಾಷೆಯಿಂದಲೇ ತೋರಿಸಿಕೊಡಬಹುದು. ಮಲಯಾಳದ ಮಗುವಿಗೆ ಆ ಅನುಕೂಲ ಇಲ್ಲ. ಹೀಗೆ ಒಂದೇ ಪುಸ್ತಕ ಒಂದು ಕಡೆ ಕನ್ನಡದ ಮಗುವಿಗೆ ಕಷ್ಟವಾದದ್ದನ್ನು ಸುಲಭವೆಂದು ಭಾವಿಸಿ ದಾಟಿಬಿಡುತ್ತದೆ. ಇನ್ನೊಂದು ಕಡೆ ಅದಕ್ಕೆ ಸುಲಭವಾಗಬಹುದಾದದ್ದನ್ನು ಹತ್ತು ಸಲ ಉರು ಹೊಡೆಸುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಗೂ ಇದೇ ಮಾತು ಅನ್ವಯಿಸುತ್ತದೆ. ಮರಾಠಿಯ ‘ಆಹೇ’ ಮಲಯಾಳದ ‘ಆಣ್’ನ ಹಾಗೆ ‘ಇಸ್’ಗೆ ದಾರಿ ಮಾಡಿಕೊಡುತ್ತದೆ. ಹೊಸೂರು, ತಾಳವಾಡಿಗಳ ತಮಿಳು ಪರಿಸರದಲ್ಲಿ, ಆದವಾನಿ, ರಾಯದುರ್ಗಗಳ ತೆಲುಗು ಪರಿಸರದಲ್ಲಿ ಈ ಒಂದು ವಿಷಯದಲ್ಲಿ ತೊಂದರೆ ಇಲ್ಲ. ತಮಿಳು, ತೆಲುಗು ಎರಡೂ ಕನ್ನಡದಂತೆಯೇ ನಾಮವಾಕ್ಯವನ್ನು ಕ್ರಿಯಾಪದವಿಲ್ಲದೆ ಮುಗಿಸುತ್ತವೆ. ಆದ್ದರಿಂದ ‘ಗಡಿನಾಡ ಕನ್ನಡ ಮಗುವಿನ ಇಂಗ್ಲಿಷ್ ಸಮಸ್ಯೆ’ ಎಂದು ಒಟ್ಟಾಗಿ ಮಾತನಾಡುವುದು ಸಭೆಗಳಲ್ಲಿ ಚೆನ್ನಾಗಿ ಕೇಳಿಸಿದರೂ ತರಗತಿಯಲ್ಲಿ ಪ್ರಯೋಜನಕ್ಕೆ ಬಾರದು.

ನನ್ನ ವಾದ ಇಷ್ಟು. ಇಂಗ್ಲಿಷ್ ಪಠ್ಯಪುಸ್ತಕ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಇಂಗ್ಲಿಷಿನಲ್ಲೇ ಇದ್ದರೂ ಅದರ ಹಿಂದೆ ಮಾತನಾಡದ ಇನ್ನೊಂದು ಭಾಷೆ ಇರುತ್ತದೆ. ಯಾವುದನ್ನು ಮೊದಲು ಕಲಿಸಬೇಕು, ಯಾವುದಕ್ಕೆ ಎಷ್ಟು ಅಭ್ಯಾಸ ಬೇಕು, ಯಾವುದು ಹೇಳದೆಯೇ ತಿಳಿಯುತ್ತದೆ ಎಂಬ ತೀರ್ಮಾನಗಳಲ್ಲಿ ಆ ಭಾಷೆ ಅಡಗಿ ಕುಳಿತಿರುತ್ತದೆ. ಪುಸ್ತಕ ರಚಿಸುವವರು ಅದನ್ನು ಉದ್ದೇಶಪೂರ್ವಕವಾಗಿ ಸೇರಿಸಿರಬೇಕೆಂದೇನೂ ಇಲ್ಲ. ತಮ್ಮ ಕಣ್ಣ ಮುಂದಿರುವ ಮಕ್ಕಳನ್ನು ನೆನೆದು ಬರೆದರೆ ಅದು ತಾನಾಗಿಯೇ ಸೇರುತ್ತದೆ. ನಮ್ಮಲ್ಲಿ ಪಠ್ಯಪುಸ್ತಕ ವಿಮರ್ಶೆಯೆಂದರೆ ಸಾಮಾನ್ಯವಾಗಿ ವಸ್ತುವಿನ ವಿಮರ್ಶೆ: ಪಾಠದಲ್ಲಿ ಯಾರ ಹಬ್ಬ ಬಂದಿದೆ, ಯಾರ ಹೆಸರುಗಳಿವೆ, ನಮ್ಮ ಕವಿಯೊಬ್ಬ ಇದ್ದಾನೆಯೇ ಎಂಬ ಲೆಕ್ಕ. ಈ ಲೆಕ್ಕ ಅನಗತ್ಯವೆನ್ನಲಾರೆ. ಆದರೆ ಕಾಸರಗೋಡಿನ ಮಗುವಿಗೆ ಓಣಂ ಅಪರಿಚಿತವಲ್ಲ, ಅಕ್ಕಲಕೋಟೆಯ ಮಗುವಿಗೆ ಗಣೇಶೋತ್ಸವ ಹೊರಗಿನದಲ್ಲ. ಪಾಠದಲ್ಲಿ ಪೂಕಳದ ಬದಲು ಯಕ್ಷಗಾನದ ಚಿತ್ರ ಹಾಕಿದರೂ ‘ಮೈ ಫಾದರ್ ಡ್ರೈವರ್’ ಹಾಗೆಯೇ ಉಳಿಯುತ್ತದೆ. ವ್ಯಾಕರಣದ ಪೂರ್ವಗ್ರಹ ಚಿತ್ರದಂತೆ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅದರ ವಿಮರ್ಶೆಯೂ ನಡೆಯುವುದಿಲ್ಲ.

ಪಠ್ಯಪುಸ್ತಕ ಮತ್ತು ಶಿಕ್ಷಕರ ಸಂಬಂಧದ ಬಗ್ಗೆ ಇಂಗ್ಲಿಷ್ ಬೋಧನೆಯ ಶಾಸ್ತ್ರದಲ್ಲಿ ನಡೆದಿರುವ ಚರ್ಚೆ ದೀರ್ಘವಾದದ್ದು. ಅದರಲ್ಲಿ ಎರಡು ಲೇಖನಗಳು ಇಂದಿಗೂ ಎದುರುಬದುರಾಗಿ ನಿಂತಿವೆ. ಡಿಕ್ ಆಲ್‌ರೈಟ್ 1981ರಲ್ಲಿ, ಬೋಧನಸಾಮಗ್ರಿ ನಮಗೆ ಏತಕ್ಕೆ ಬೇಕು ಎಂದು ಕೇಳಿದರು. ಸಾಮಗ್ರಿಯನ್ನು ಸಮರ್ಥಿಸುವ ಎರಡು ದೃಷ್ಟಿಗಳನ್ನು ಅವರು ಬೇರ್ಪಡಿಸುತ್ತಾರೆ. ಒಂದು, ಶಿಕ್ಷಕರ ಕೊರತೆಯನ್ನು ಪುಸ್ತಕ ತುಂಬಿಕೊಡಬೇಕೆಂಬ ದೃಷ್ಟಿ. ಇನ್ನೊಂದು, ಪುಸ್ತಕ ರಚಿಸುವ ಪರಿಣತಿಯೇ ಬೇರೆ, ಪಾಠ ಮಾಡುವ ಪರಿಣತಿಯೇ ಬೇರೆ ಎಂಬ ದೃಷ್ಟಿ. ಕಲಿಕೆಯ ನಿರ್ವಹಣೆ ಎಷ್ಟು ಸಂಕೀರ್ಣವೆಂದರೆ ಮೊದಲೇ ಕಟ್ಟಿಟ್ಟ ತೀರ್ಮಾನಗಳ ಗಂಟು ಅದಕ್ಕೆ ಸಾಲದು ಎಂಬುದು ಅವರ ನಿಲುವು. ಮರುವರ್ಷವೇ ಅದೇ ಪತ್ರಿಕೆಯಲ್ಲಿ ರಾಬರ್ಟ್ ಓನೀಲ್ ಪುಸ್ತಕದ ಪರವಾಗಿ ಬರೆದರು. ನಿರ್ದಿಷ್ಟ ತರಗತಿಯನ್ನು ಉದ್ದೇಶಿಸಿ ಬರೆಯದ ಪುಸ್ತಕವೂ ಬಹುಪಾಲು ಸಾಕಾಗುತ್ತದೆ, ಏಕೆಂದರೆ ಕಲಿಯುವವರ ಅಗತ್ಯಗಳಲ್ಲಿ ಸಾಮಾನ್ಯವಾದ ಅಂಶವೇ ಹೆಚ್ಚು. ಪುಸ್ತಕ ಒಂದು ಚೌಕಟ್ಟನ್ನು ಒದಗಿಸಿ ಉಳಿದದ್ದನ್ನು ಸ್ಥಳದಲ್ಲೇ ರೂಪಿಸಿಕೊಳ್ಳಲು ಅವಕಾಶ ಬಿಡಬೇಕು ಎಂದರು. ಇಬ್ಬರೂ ವಿವೇಕಿಗಳು. ಆದರೆ ಇಬ್ಬರ ಕಣ್ಣ ಮುಂದಿದ್ದದ್ದು ಪುಸ್ತಕವನ್ನು ಆಯ್ದುಕೊಳ್ಳಬಲ್ಲ, ಬೇಡವಾದರೆ ಬಿಡಬಲ್ಲ ಶಿಕ್ಷಕ. ನಮ್ಮ ಶಿಕ್ಷಕರಿಗೆ ಅಂಥ ಆಯ್ಕೆಯಿಲ್ಲ. ಪುಸ್ತಕ ರಾಜ್ಯದ್ದು, ಪರೀಕ್ಷೆ ಆ ಪುಸ್ತಕದ್ದು. ಪರೀಕ್ಷೆಗೂ ಪಠ್ಯಪುಸ್ತಕಕ್ಕೂ ಬಿದ್ದ ಈ ಗಂಟು ವಸಾಹತು ಆಡಳಿತದಲ್ಲಿ ಹೇಗೆ ಕಟ್ಟಿಕೊಂಡಿತು ಎಂಬುದನ್ನು ಕೃಷ್ಣಕುಮಾರ್ 1988ರ ತಮ್ಮ ಲೇಖನದಲ್ಲಿ ವಿವರಿಸಿರುವುದು ಈ ಪತ್ರಿಕೆಯ ಓದುಗರಿಗೆ ತಿಳಿದದ್ದೇ.

ಓನೀಲ್ ಹೇಳುವ ‘ಸಾಮಾನ್ಯ ಅಂಶ’ದ ವಾದ ಗಡಿಯಲ್ಲಿ ಮುಗ್ಗರಿಸುತ್ತದೆ. ಅಗತ್ಯಗಳು ಸಮಾನವಿರಬಹುದು, ಆದರೆ ಹೊರಡುವ ಸ್ಥಳ ಬೇರೆ. ಪುಸ್ತಕವನ್ನು ಶಿಕ್ಷಕರು ಹೊಂದಿಸಿಕೊಳ್ಳುವ ಬಗೆಗಳನ್ನು ಮೆಕ್‌ಡೊನೊ ಮತ್ತು ಷಾ ಅವರ ಗ್ರಂಥ ಸೇರಿಸುವುದು, ಬಿಡುವುದು, ಮಾರ್ಪಡಿಸುವುದು, ಸರಳಗೊಳಿಸುವುದು, ಕ್ರಮ ಬದಲಿಸುವುದು ಎಂದು ವಿಂಗಡಿಸುತ್ತದೆ. ಹಲಗೆಯ ಮೇಲೆ ಖಾಲಿ ಚೌಕ ಬರೆದ ಶಿಕ್ಷಕಿಯ ಕೆಲಸವನ್ನು ಇವುಗಳಲ್ಲಿ ಯಾವುದರಲ್ಲಿ ಇಡೋಣ? ‘ಸೇರಿಸುವುದು’ ಎಂದು ಬರೆದುಕೊಂಡು ಮುಂದೆ ಹೋಗಬಹುದು. ಆದರೆ ಅವರು ಪಾಠಕ್ಕೆ ಏನನ್ನೋ ಹೆಚ್ಚಿಗೆ ಹಚ್ಚಲಿಲ್ಲ. ಪುಸ್ತಕ ಯಾವ ಭಾಷೆಯ ಮೇಲೆ ನಿಂತಿತ್ತೋ ಆ ಅಡಿಪಾಯವನ್ನೇ ತೆಗೆದು ಬೇರೊಂದನ್ನು ಇಟ್ಟರು. ಶಿಕ್ಷಕ ಪುಸ್ತಕಕ್ಕೆ ಎಷ್ಟು ನಿಷ್ಠನಾಗಿದ್ದಾನೆ ಎಂದು ಅಳೆಯುವ ಸಂಶೋಧನೆಗೆ ಇಂಥ ಕೆಲಸ ಕಾಣುವುದಿಲ್ಲ. ಕಂಡರೂ ಅದು ಪುಸ್ತಕದಿಂದ ದೂರ ಸರಿದದ್ದಾಗಿ, ಎಂದರೆ ದೋಷವಾಗಿ ಕಾಣುತ್ತದೆ.

ಈ ಅಳತೆಗೋಲಿಗೆ ನಮ್ಮ ಸೀಮೆಯಲ್ಲೇ ಒಂದು ಚರಿತ್ರೆಯಿದೆ. ಐವತ್ತರ ದಶಕದ ಕೊನೆಯಲ್ಲಿ ಮದರಾಸು ರಾಜ್ಯದಲ್ಲಿ ಪ್ರಾಥಮಿಕ ಹಂತದ ಇಂಗ್ಲಿಷ್ ಶಿಕ್ಷಕರಿಗೆ ಒಂದು ದೊಡ್ಡ ಮರುತರಬೇತಿ ಕಾರ್ಯಕ್ರಮ ನಡೆಯಿತು. ಮೊದಲು ಕೆಲವರಿಗೆ, ಅವರಿಂದ ಇನ್ನಷ್ಟು ಜನರಿಗೆ, ಅವರಿಂದ ಊರೂರಿನ ಶಿಕ್ಷಕರಿಗೆ ವಿಧಾನ ತಲುಪಬೇಕು. ಉರುಳುತ್ತ ದೊಡ್ಡದಾಗುವ ಹಿಮದ ಉಂಡೆಯ ಹಾಗೆ. ಆ ಹೆಸರಿನಿಂದಲೇ, 27,000 ಶಿಕ್ಷಕರನ್ನು ಮರುತರಬೇತಿಗೊಳಿಸುವ ಯತ್ನವೆಂಬ ಶೀರ್ಷಿಕೆಯಲ್ಲಿ, ಡಿ. ಎ. ಸ್ಮಿತ್ 1962ರಲ್ಲಿ ಅದನ್ನು ಕುರಿತು ಬರೆದರು. (ಮದರಾಸಿನ ಬಿಸಿಲಿಗೆ ಹಿಮದ ಉಂಡೆಯನ್ನು ಉಪಮೆಯಾಗಿ ತಂದವರ ಧೈರ್ಯವನ್ನು ಮೆಚ್ಚಬೇಕು.) ಕಾಸರಗೋಡು ಆ ವೇಳೆಗೆ, 1956ರ ನವೆಂಬರ್ 1ರಂದು, ಕೇರಳಕ್ಕೆ ಸೇರಿಹೋಗಿತ್ತು, ಹೊಸೂರು, ತಾಳವಾಡಿ, ನೀಲಗಿರಿಗಳು ಮದರಾಸಿನಲ್ಲೇ ಉಳಿದಿದ್ದವು. ವಾಕ್ಯರಚನೆಗಳನ್ನು ಒಂದಾದ ಮೇಲೊಂದರಂತೆ ಶ್ರೇಣೀಕರಿಸಿ ಕಲಿಸುವ ವಿಧಾನ ಅದು. ಶಿಕ್ಷಕ ಅಲ್ಲಿ ವಾಹಕ. ಮೇಲಿನಿಂದ ಸುರಿದದ್ದು ಸೋರದಂತೆ ಕೆಳಗೆ ತಲುಪಿಸಿದರೆ ಅವನ ಕೆಲಸ ಮುಗಿಯಿತು. ಆಲ್‌ರೈಟ್ ಹೆಸರಿಸಿದ ‘ಕೊರತೆಯ ದೃಷ್ಟಿ’ಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಅದೇ ದಕ್ಷಿಣದಿಂದ ಅದಕ್ಕೆ ಉತ್ತರವೂ ಬಂದಿತು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ಎನ್. ಎಸ್. ಪ್ರಭು ಅವರ ಮುಂದಾಳ್ತನದಲ್ಲಿ 1979ರಿಂದ 1984ರವರೆಗೆ ನಡೆದ, ಬೆಂಗಳೂರು ಯೋಜನೆಯೆಂದೇ ಪ್ರಸಿದ್ಧವಾದ ಪ್ರಯೋಗ ರಚನೆಗಳ ಶ್ರೇಣಿಯನ್ನು ಕೈಬಿಟ್ಟಿತು. ನಕ್ಷೆ ಓದುವುದು, ವೇಳಾಪಟ್ಟಿಯಿಂದ ಲೆಕ್ಕ ಹಾಕುವುದು ಮುಂತಾದ ಚಟುವಟಿಕೆಗಳ ಅರ್ಥದ ಮೇಲೆ ಮಕ್ಕಳ ಗಮನ ನೆಟ್ಟಿದ್ದಾಗ ವ್ಯಾಕರಣ ತನ್ನಷ್ಟಕ್ಕೆ ಒಳಗೆ ರೂಪುಗೊಳ್ಳುತ್ತದೆ ಎಂಬುದು ಅದರ ಆಧಾರ. 1987ರಲ್ಲಿ ಪ್ರಕಟವಾದ ಪ್ರಭು ಅವರ ಗ್ರಂಥಕ್ಕಿಂತ, 1990ರಲ್ಲಿ ಅವರು ಬರೆದ ಚಿಕ್ಕ ಲೇಖನ ನಮ್ಮ ಪ್ರಸ್ತುತ ವಿಷಯಕ್ಕೆ ಹತ್ತಿರದ್ದೆಂದು ನನಗೆ ತೋರುತ್ತದೆ. ಸರ್ವೋತ್ತಮವಾದ ವಿಧಾನವೊಂದಿಲ್ಲ, ತಾನು ಕಲಿಸುತ್ತಿರುವುದು ಹೇಗೆ ಕಲಿಕೆಯಾಗುತ್ತದೆ ಎಂಬ ಬಗ್ಗೆ ಶಿಕ್ಷಕನಿಗೆ ಒಳಗಿನಿಂದ ಒಪ್ಪಿಗೆಯಾದ ಒಂದು ತಿಳಿವಳಿಕೆ ಇರುತ್ತದೆ, ಅದು ಜೀವಂತವಾಗಿದೆಯೇ, ಯಾಂತ್ರಿಕವಾಗಿದೆಯೇ ಎಂಬುದೇ ಮುಖ್ಯ ಎಂದು ಅವರು ಅಲ್ಲಿ ಹೇಳುತ್ತಾರೆ. ಪ್ರಭು ಅವರ ಯೋಜನೆ ಮಗುವಿನ ಮಾತೃಭಾಷೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡದ್ದಲ್ಲ ಎಂಬ ಆಕ್ಷೇಪ ನನ್ನದು. ಆದರೂ ಖಾಲಿ ಚೌಕವನ್ನು ವಿವರಿಸಲು ನನಗೆ ದೊರೆತ ಅತ್ಯಂತ ಸೂಕ್ತವಾದ ಪರಿಭಾಷೆ ಅವರದೇ.

ಮಾತೃಭಾಷೆಯ ಬಗ್ಗೆ ತಲೆ ಕೆಡಿಸಿಕೊಂಡ ಪ್ರಯೋಗ ಕೇರಳದ್ದು. 2007ರ ಪಠ್ಯಕ್ರಮ ಚೌಕಟ್ಟಿನ ನಂತರ ಅಲ್ಲಿನ ಇಂಗ್ಲಿಷ್ ತರಗತಿಗಳಿಗೆ ಬಂದ, ಭಾಷಾಶಾಸ್ತ್ರಜ್ಞ ಕೆ. ಎನ್. ಆನಂದನ್ ಅವರ ಹೆಸರಿನೊಂದಿಗೆ ಬೆಸೆದುಕೊಂಡ ಬೋಧನಕ್ರಮದಲ್ಲಿ ಬಿಡಿ ವಾಕ್ಯಗಳಿಗೆ ಬದಲಾಗಿ ಸಂಭಾಷಣೆ, ವರ್ಣನೆ, ದಿನಚರಿ, ಪತ್ರ ಮುಂತಾದ ಇಡಿಯಾದ ರೂಪಗಳು ಕಲಿಕೆಯ ಘಟಕಗಳಾದವು. ಆರಂಭದ ಹಂತದಲ್ಲಿ ಶಿಕ್ಷಕರು ಕಥೆಯನ್ನು ಮಾತೃಭಾಷೆ ಮತ್ತು ಇಂಗ್ಲಿಷನ್ನು ಹದವಾಗಿ ಬೆರೆಸಿ ನಿರೂಪಿಸುತ್ತಾರೆ. ಕಥೆ ಮಾತೃಭಾಷೆಯಲ್ಲಿ ಸಾಗುತ್ತಿದ್ದಂತೆ ಸರಿಯಾದ ತಿರುವಿನಲ್ಲಿ ಇಂಗ್ಲಿಷ್ ಮಾತು ಪ್ರವೇಶಿಸುತ್ತದೆ. ಸಂದರ್ಭವೇ ಅದರ ಅರ್ಥವನ್ನು ಹೊತ್ತು ತರುತ್ತದೆ. ತತ್ತ್ವವಾಗಿ ಇದು ಗಡಿನಾಡಿನ ಶಿಕ್ಷಕರಿಗೆ ಬಾಗಿಲು ತೆರೆದ ಕ್ರಮ. ಮಾತೃಭಾಷೆಯನ್ನು ತರಗತಿಯಿಂದ ಹೊರಗಟ್ಟುವ ಹಳೆಯ ಶಾಸ್ತ್ರಕ್ಕೆ ಇದು ವಿದಾಯ ಹೇಳುತ್ತದೆ. ಆದರೆ ಇಂಥ ನಿರೂಪಣೆಯಲ್ಲಿ ಇಂಗ್ಲಿಷಿನಷ್ಟೇ ಮುಖ್ಯ ಅದಕ್ಕೆ ಆಧಾರವಾದ ಭಾಷೆ. ಮಲಯಾಳದಲ್ಲಿ ಹದಗೊಂಡ ನಿರೂಪಣೆಯನ್ನು ಕನ್ನಡಕ್ಕೆ ಪದಶಃ ಇಳಿಸಿದರೆ ಇಂಗ್ಲಿಷ್ ಪ್ರವೇಶಿಸುವ ತಿರುವುಗಳು ತಪ್ಪುತ್ತವೆ, ಕಥೆ ಕುಂಟುತ್ತದೆ. ಕನ್ನಡ ಶಾಲೆಯ ಶಿಕ್ಷಕ ಆ ಕಥೆಯನ್ನು ಹೊಸದಾಗಿ ಕಟ್ಟಬೇಕು. ತರಬೇತಿಯ ಮಾತುಕತೆ ಮಲಯಾಳದಲ್ಲೇ ನಡೆದು ಮುಗಿದರೆ ಆ ಕಟ್ಟುವ ಕೆಲಸಕ್ಕೆ ನೆರವು ಎಲ್ಲಿಂದ ಬರಬೇಕು? ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಸೌಕರ್ಯ ಒದಗಿಸಬೇಕೆನ್ನುತ್ತದೆ. ನಾವು ಅದನ್ನು ಗಣಿತ, ವಿಜ್ಞಾನ, ಸಮಾಜಗಳ ಮಾಧ್ಯಮದ ಪ್ರಶ್ನೆಯಾಗಿ ಓದುತ್ತ ಬಂದಿದ್ದೇವೆ. ಇಂಗ್ಲಿಷ್ ಪಾಠಕ್ಕೂ ಒಂದು ಮಾಧ್ಯಮ ಉಂಟು ಎಂದು ಯಾರಿಗೂ ತೋಚಿದಂತಿಲ್ಲ.

ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ತಿಳಿಯದ ಶಿಕ್ಷಕರ ನೇಮಕವಾದಾಗಲೆಲ್ಲ ಪೋಷಕರು, ಸಂಘಟನೆಗಳು ಪ್ರತಿಭಟಿಸಿದ್ದು ಎಲ್ಲರಿಗೂ ಗೊತ್ತಿದೆ. ಆ ಪ್ರತಿಭಟನೆಗಳಲ್ಲಿ ಗಣಿತದ, ವಿಜ್ಞಾನದ ಶಿಕ್ಷಕರ ಮಾತು ಬರುವುದು ಸಹಜ. ಇಂಗ್ಲಿಷ್ ಶಿಕ್ಷಕರ ವಿಷಯದಲ್ಲಿ ‘ಇಂಗ್ಲಿಷಿಗೆ ಕನ್ನಡ ಏಕೆ?’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನಮ್ಮವರೂ ಎಷ್ಟೋ ಸಲ ಅದಕ್ಕೆ ತಲೆಯಾಡಿಸುತ್ತಾರೆ. ಆದರೆ ಮಗುವಿನ ತಪ್ಪು ಎಲ್ಲಿಂದ ಬಂತೆಂದು ತಿಳಿಯದವರು ಅದನ್ನು ತಿದ್ದಬಲ್ಲರು, ವಿವರಿಸಲಾರರು. ‘ಇಸ್’ ಎಂದು ಎಚ್ಚರಿಸಿದಾಗ ಹುಡುಗಿ ಅದನ್ನು ವಾಕ್ಯದ ಮುಂದಕ್ಕೆ ಅಂಟಿಸಿದ್ದು ಬರಿಯ ತಿದ್ದುಪಡಿಯ ಫಲ.

ಇಲ್ಲಿಯವರೆಗಿನ ನನ್ನ ವಾದಕ್ಕೆ ಒಂದು ತಡೆಯನ್ನು ನಾನೇ ಒಡ್ಡಬೇಕು. ‘ಕನ್ನಡದ ಮಗು’ ಎಂದು ಬರೆಯುವಾಗ ಯಾವ ಕನ್ನಡ? ಸಾಂಗಲಿ ಜಿಲ್ಲೆಯಲ್ಲಿ ಕುಪ್ವಾರ್ ಎಂಬ ಹೆಸರಿನಿಂದ ಭಾಷಾಶಾಸ್ತ್ರದ ಗ್ರಂಥಗಳಲ್ಲಿ ಪ್ರಸಿದ್ಧವಾದ ಊರಿದೆ. ಕನ್ನಡ, ಮರಾಠಿ, ಉರ್ದು, ತೆಲುಗುಗಳು ತಲೆಮಾರುಗಳಿಂದ ಕೂಡಿ ಬಾಳಿ ಅಲ್ಲಿ ಒಂದರ ವಾಕ್ಯವಿನ್ಯಾಸಕ್ಕೆ ಇನ್ನೊಂದು ಹತ್ತಿರವಾದದ್ದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ವಿವರಿಸಿದರು. ಅವರು ಗುರುತಿಸಿದ ಲಕ್ಷಣಗಳಲ್ಲಿ ಒಂದು, ಆ ಊರಿನ ಕನ್ನಡ ನಾಮವಾಕ್ಯಗಳಲ್ಲೂ ‘ಐತಿ’ಯನ್ನು ಬಳಸುತ್ತದೆ ಎಂಬುದು. ‘ಇದು ನಿಮ್ಮ ಮನೆ’ ಎಂದು ನಾವು ನಿಲ್ಲಿಸುವಲ್ಲಿ ಅಲ್ಲಿಯವರು ಮರಾಠಿಯ ‘ಆಹೇ’ಯ ಜಾಡಿನಲ್ಲಿ ‘ಐತಿ’ ಸೇರಿಸುತ್ತಾರೆ. ಎಂದರೆ, ಅಂಥ ಮನೆಯಿಂದ ಬಂದ ಮಗುವಿನ ಬಾಯಲ್ಲಿ ಇಂಗ್ಲಿಷಿನ ‘ಇಸ್’ಗೆ ಬೇಕಾದ ಸ್ಥಾನ ಆಗಲೇ ಸಿದ್ಧವಾಗಿದೆ! ಜತ್ತ ಅದೇ ಜಿಲ್ಲೆಯ ತಾಲ್ಲೂಕು. ಅಲ್ಲಿನ ಶಾಲೆಗಳಲ್ಲಿ ಕುಳಿತು ಕಿವಿಗೊಡಬೇಕಾದ ಸಂಗತಿ ಇದು. ಕನ್ನಡದ ಪಾಠದಲ್ಲಿ ಶಿಕ್ಷಕರು ಆ ‘ಐತಿ’ಯನ್ನು ಅಶುದ್ಧವೆಂದು ಹೊಡೆದುಹಾಕಿ, ಮುಂದಿನ ಅವಧಿಯ ಇಂಗ್ಲಿಷ್ ಪಾಠದಲ್ಲಿ ‘ಇಸ್’ ಏಕೆ ಬಿಟ್ಟೆ ಎಂದು ಮಗುವನ್ನು ಗದರಿಸಿದರೆ, ಆ ಮಗು ಕಳೆದುಕೊಂಡದ್ದು ಎರಡು ಭಾಷೆಗಳಲ್ಲಿ. ಪುಸ್ತಕದ ಹಿಂದೆ ಮಲಯಾಳವನ್ನೋ ಮರಾಠಿಯನ್ನೋ ಕಂಡು ಆಕ್ಷೇಪಿಸುವ ನಾವು ಅದರ ಜಾಗದಲ್ಲಿ ಧಾರವಾಡದ ಅಥವಾ ಬೆಂಗಳೂರಿನ ಗ್ರಾಂಥಿಕ ಕನ್ನಡವನ್ನು ಕೂರಿಸಿದರೆ ಅನ್ಯಾಯದ ವಿಳಾಸ ಬದಲಾದೀತು, ಅಷ್ಟೆ.

ಶಿಕ್ಷಕರನ್ನು ಕುರಿತು ಭಾವುಕರಾಗುವ ಅಪಾಯವೂ ಇದೆ. ನಾನು ಕಂಡ ತರಗತಿಗಳಲ್ಲಿ ಖಾಲಿ ಚೌಕ ಅಪರೂಪ. ‘ಅರ್ಥ ಹೇಳುವುದು’ ಸಾಮಾನ್ಯ. ಶಿಕ್ಷಕರು ಒಂದು ಇಂಗ್ಲಿಷ್ ವಾಕ್ಯ ಓದುತ್ತಾರೆ, ಅದರ ಕನ್ನಡ ಹೇಳುತ್ತಾರೆ, ಮಕ್ಕಳು ಪದಗಳ ಮೇಲೆ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ, ಪಾಠದ ಕೊನೆಯಲ್ಲಿ ಪ್ರಶ್ನೋತ್ತರಗಳು ಹಲಗೆಯಿಂದ ನೋಟ್‌ಬುಕ್ಕಿಗೆ ಇಳಿಯುತ್ತವೆ. ಅಲ್ಲಿ ಹುಟ್ಟುವ ಕನ್ನಡವೂ ವಿಚಿತ್ರವಾದದ್ದು. ‘ಹಿ ಇಸ್ ಅ ಟೀಚರ್’ ಎಂಬುದಕ್ಕೆ ‘ಅವನು ಒಬ್ಬ ಶಿಕ್ಷಕನಾಗಿದ್ದಾನೆ’ ಎಂಬ ಅರ್ಥ. ‘ಇಸ್’ಗೆ ‘ಆಗಿದ್ದಾನೆ’, ‘ಅ’ಗೆ ‘ಒಬ್ಬ’ ಎಂದು ಪದಕ್ಕೆ ಪದ ಸರಿಹೋಯಿತೆಂಬ ಸಮಾಧಾನ. ಯಾವ ಮನೆಯಲ್ಲೂ ಯಾರೂ ಆಡದ ಈ ವಾಕ್ಯ ಇಂಗ್ಲಿಷ್ ಪಾಠದ ಮೂಲಕ ನಮ್ಮ ಬರವಣಿಗೆಗೆ ನುಗ್ಗಿ ಕುಳಿತಿದೆ. ಸರ್ಕಾರಿ ಪ್ರಕಟಣೆಗಳಲ್ಲಿ, ಸುದ್ದಿಗಳಲ್ಲಿ ದಿನವೂ ಕಾಣುತ್ತೇವೆ. ಎರಡು ಭಾಷೆಗಳ ವ್ಯತ್ಯಾಸವನ್ನು ತೋರಿಸುವ ಬದಲು ಅದನ್ನು ಮರೆಮಾಚುವ ಅನುವಾದವಿದು. ಹಲಗೆಯ ಮೇಲೆ ಕನ್ನಡ ಬರೆದ ಮಾತ್ರಕ್ಕೆ ಶಿಕ್ಷಕ ಮಾತೃಭಾಷೆಯನ್ನು ಬಳಸಿದಂತಾಗಲಿಲ್ಲ.

ಇನ್ನು ಗೈಡುಗಳ ಮಾತು. ಮಾರುಕಟ್ಟೆಯ ಗೈಡು ಆಯಾ ರಾಜ್ಯದ ಬಹುಸಂಖ್ಯಾತರ ಭಾಷೆಯಲ್ಲಿ ಅರ್ಥ ಕೊಡುತ್ತದೆ. ಕನ್ನಡ ಮಾಧ್ಯಮದ ಚಿಕ್ಕ ಮಾರುಕಟ್ಟೆಗಾಗಿ ಅಚ್ಚು ಹಾಕಿಸುವ ಉತ್ಸಾಹ ವ್ಯಾಪಾರಿಗೆ ಎಲ್ಲಿಂದ ಬರಬೇಕು? ಹೀಗಾಗಿ ಎಷ್ಟೋ ಮಕ್ಕಳು ಇಂಗ್ಲಿಷನ್ನು ತಮಗೆ ಅರ್ಧ ಬರುವ ಇನ್ನೊಂದು ಭಾಷೆಯ ಮೂಲಕ ಕಲಿಯುತ್ತಾರೆ. ಶಾಸ್ತ್ರಗ್ರಂಥಗಳು ಭಾರತದ ಇಂಗ್ಲಿಷನ್ನು ದ್ವಿತೀಯ ಭಾಷೆ ಎನ್ನುತ್ತವೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಜೊತೆಗೆ ಹಿಂದಿ ಇರುವ ಮಗುವಿಗೆ ಅದು ಐದನೆಯದು. ಬಳಕೆಯ ದೃಷ್ಟಿಯಿಂದ ನೋಡಿದರೆ ವಿದೇಶಿ ಭಾಷೆಯೇ ಸರಿ.

ಮಹಾರಾಷ್ಟ್ರದಲ್ಲಿ 2023-24ರಿಂದ ಕೆಲವು ತರಗತಿಗಳ ಪಠ್ಯಪುಸ್ತಕಗಳಲ್ಲಿ ಪಾಠಗಳ ನಡುವೆ ಬರೆದುಕೊಳ್ಳಲು ಖಾಲಿ ಹಾಳೆಗಳನ್ನು ಸೇರಿಸಲಾಯಿತು. ಸ್ವಲ್ಪ ಕಾಲದಲ್ಲೇ ಆ ಪದ್ಧತಿಯನ್ನು ಕೈಬಿಡಲಾಯಿತು. ಚೀಲದ ಭಾರ ಇಳಿಸುವುದಕ್ಕಾಗಿ ಹುಟ್ಟಿದ ಆ ಯೋಜನೆಗೂ ನನ್ನ ವಿಷಯಕ್ಕೂ ನೇರ ಸಂಬಂಧವಿಲ್ಲ. ಆದರೂ ಆ ಹಾಳೆಗಳಲ್ಲಿ ಸೊಲ್ಲಾಪುರ ಸೀಮೆಯ ಕನ್ನಡ ಶಾಲೆಗಳ ಮಕ್ಕಳು, ಶಿಕ್ಷಕರು ಏನು ಬರೆದರು ಎಂಬ ಕುತೂಹಲ ನನ್ನನ್ನು ಬಿಟ್ಟಿಲ್ಲ. ಭಾಷಾ ಅಲ್ಪಸಂಖ್ಯಾತರ ಇಂಗ್ಲಿಷ್ ಕಲಿಕೆಯ ಬಗ್ಗೆ ಸಂಶೋಧನೆ ನಡೆಸುವವರು ಅಂಕಪಟ್ಟಿ, ಪ್ರಶ್ನಾವಳಿಗಳನ್ನು ಸ್ವಲ್ಪ ಬದಿಗಿಟ್ಟು ಮೊದಲು ಸಂಗ್ರಹಿಸಬೇಕಾದದ್ದು ಶಿಕ್ಷಕರ ಪುಸ್ತಕದ ಪ್ರತಿಗಳನ್ನು, ಅವುಗಳ ಅಂಚುಗಳಲ್ಲಿರುವ ಬರಹವನ್ನು. ಯಾವ ಪಾಠದಲ್ಲಿ ಯಾವ ಕನ್ನಡ ವಾಕ್ಯ ಬೇಕಾಯಿತು, ಎಲ್ಲಿ ಪುಸ್ತಕವನ್ನು ಮಗುಚಿಡಬೇಕಾಯಿತು ಎಂಬುದರ ದಾಖಲೆ ಅಲ್ಲಿದೆ. ಮುಂದೊಂದು ದಿನ ಕನ್ನಡ ಶಾಲೆಗಳಿಗಾಗಿಯೇ ಒಂದು ಪೂರಕ ಕೈಪಿಡಿಯನ್ನು ಯಾರಾದರೂ ರಚಿಸುವುದಾದರೆ ಅದರ ಕರಡು ಆಗಲೇ ಚದುರಿದಂತೆ ಬರೆದಾಗಿದೆ.

ಚದುರಿದ್ದು ಬೇಗ ಕಳೆದೂ ಹೋಗುತ್ತದೆ. ಕೇರಳದಲ್ಲಿ 2024ರಲ್ಲಿ ಒಂದು, ಮೂರು, ಐದು, ಏಳು, ಒಂಬತ್ತನೆಯ ತರಗತಿಗಳ ಪುಸ್ತಕಗಳು ಬದಲಾದವು, ಮರುವರ್ಷ ಉಳಿದವು. ಐದನೆಯ ತರಗತಿಯ ಆ ಶಿಕ್ಷಕಿಯನ್ನು ಮತ್ತೆ ಕಂಡಾಗ ಹಳೆಯ ಪುಸ್ತಕದ ಬಗ್ಗೆ ಕೇಳಿದೆ. ಶಾಲೆಯ ಪ್ರತಿಗಳೆಲ್ಲ ರದ್ದಿಗೆ ಹೋಗಿದ್ದವು. ತಮ್ಮದನ್ನು ಅವರು ಇಟ್ಟುಕೊಂಡಿದ್ದರು. ಅದರ ಅಂಚಿನ ಟಿಪ್ಪಣಿಗಳಲ್ಲಿ ಹೊಸ ಪಾಠಗಳಿಗೆ ಹೊಂದುವಷ್ಟನ್ನು ಪೆನ್ಸಿಲಿನಲ್ಲಿ ಹೊಸ ಪುಸ್ತಕಕ್ಕೆ ಇಳಿಸಿಕೊಂಡಿದ್ದರು. ಎಲ್ಲೂ ಹೊಂದದೆ ಉಳಿದವನ್ನು ಒಂದು ಹಾಳೆಯಲ್ಲಿ ಬರೆದು ರಟ್ಟಿನೊಳಗೆ ಮಡಚಿಟ್ಟಿದ್ದರು. ಹಾಳೆಯ ಮೇಲ್ತುದಿಯಲ್ಲಿ ಒಂದು ಖಾಲಿ ಚೌಕವಿತ್ತು.